ಟ್ರೈಬ್‌ನ ಕೊನೆಯ ಆಲ್ಬಮ್: ಹೊಗಳಿದ್ದು ಹಾಡಿಗಾ, ಸಾವಿಗಾ?

ಕುಂದಾಪ್ರಿಯ (ಬೆಳಗಾವಿ):
ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಅನ್ನೋ ಅಮೆರಿಕದ ರ‍್ಯಾಪ್ ತಂಡದ ಕೊನೆಯ ಆಲ್ಬಮ್ ‘ವಿ ಗಾಟ್ ಇಟ್ ಫ್ರಂ ಹಿಯರ್... ಥ್ಯಾಂಕ್ ಯು 4 ಯುವರ್ ಸರ್ವಿಸ್’ ಯಾರಾದರೂ ಕೇಳಿದ್ದೀರಾ? ಶನಿವಾರ ಬಾಗಲಕೋಟೆ ಬಸ್ಸಿನಲ್ಲಿ ಕೂತು ಪೂರ್ತಿ ಕೇಳಿದೆ. ಒಂದು ತಾಸಿನ ಆಲ್ಬಮ್, ಯರಗಟ್ಟಿ ಬರುವ ಮೊದಲೇ ಮುಗಿಯಿತು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ 2016ರ ನವೆಂಬರ್‌ನಲ್ಲಿ ಬಂದಾಗ ಸೀದಾ ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯ ಒಂದನೇ ಜಾಗಕ್ಕೆ ಹೋಯಿತಂತೆ, ವಿಮರ್ಶಕರೂ ಹೊಗಳಿದ್ದೇ ಹೊಗಳಿದ್ದು. ಅದೇ ವರ್ಷ ಮಾರ್ಚ್‌ನಲ್ಲಿ ತಂಡದ ರ‍್ಯಾಪರ್ ಫೈಫ್ ಡಾಗ್ ತೀರಿಕೊಂಡಿದ್ದ, 45 ವರ್ಷಕ್ಕೇ. ಆ ಮರುಕಕ್ಕೆ ಜನ ಜಾಸ್ತಿ ಹೊಗಳಿದರಾ ಅಂತ ನನ್ನ ಅನುಮಾನ. ಈ ತಂಡ ಕೇಳೋಕೆ ಶುರು ಮಾಡಿ ಎರಡೇ ತಿಂಗಳು, ಬೈಬೇಡ್ರಿ.

ಗುಮ್ಮಟದ ದನಿ (ವಿಜಯಪುರ):
ಮರುಕ ಇತ್ತು ದೋಸ್ತ, ಇರದೇ ಇರುತ್ತಾ? ಆದರೆ ಇದು ಸತ್ತವನ ಹಳೇ ಟೇಪು ಹುಡುಕಿ ಅಂಟಿಸಿದ ಆಲ್ಬಮ್ ಅಲ್ಲ. 2015ರ ನವೆಂಬರ್‌ನಲ್ಲಿ ಟಿವಿಯ ಟುನೈಟ್ ಶೋದಲ್ಲಿ ತಂಡದವರು ಒಟ್ಟಿಗೆ ಹಾಡಿದರು, ಆಮೇಲೆ ತಂಡದ ಇನ್ನೊಬ್ಬ ರ‍್ಯಾಪರ್ ಕ್ಯೂ-ಟಿಪ್‌ನ ನ್ಯೂಜೆರ್ಸಿ ಮನೆಯ ಸ್ಟುಡಿಯೋದಲ್ಲಿ ಕೂತು ಮಾಡಿದ್ದು. ಫೈಫ್‌ಗೆ ಸಕ್ಕರೆ ಕಾಯಿಲೆ, 2008ರಲ್ಲಿ ಹೆಂಡತಿಯೇ ಕಿಡ್ನಿ ಕೊಟ್ಟಿದ್ದರು. ಆ ದೇಹ ಇಟ್ಟುಕೊಂಡು ಕ್ಯಾಲಿಫೋರ್ನಿಯಾದಿಂದ ಅಲ್ಲಿಗೆ ಬರುತ್ತಿದ್ದ. ಅತಿಥಿಗಳೂ ಅಷ್ಟೇ, ಮನೆಗೆ ಬಂದೇ ಹಾಡಬೇಕು, ಫೈಲ್ ಕಳಿಸಿ ಕೈ ತೊಳೆದುಕೊಳ್ಳೋದು ನಡೆಯಲ್ಲ ಅಂತ ಕ್ಯೂ-ಟಿಪ್ ಹಟ ಹಿಡಿದಿದ್ದ.

ಅದರಲ್ಲಿನ ‘ಡಿಸ್ ಜನರೇಶನ್’ ಹಾಡು ಇನ್ನೊಮ್ಮೆ ಕೇಳು. ಒಬ್ಬ ಸಾಲು ಬಿಡುವಷ್ಟರಲ್ಲಿ ಇನ್ನೊಬ್ಬ ಎತ್ತಿಕೊಳ್ತಾನೆ. ನಮ್ಮ ಕಡೆ ಗೀಗೀ ಮೇಳದಲ್ಲಿ ಮುಂದಿನವನ ಉಸಿರು ಮುಗಿಯೋ ಮೊದಲೇ ಹಿಂದಿನವರು ‘ಗೀಯ ಗಾಗಿಯ’ ಅಂತ ಹಿಡೀತಾರಲ್ಲ, ಹಂಗೆ. ಮುಖ ನೋಡಿಕೊಂಡು ಹಾಡದೆ ಅದು ಬರಲ್ಲ.

ಕಬ್ಬಿನ ಗಾಡಿ (ಬಾಗಲಕೋಟೆ):
ಎಲ್ಲರೂ ಕೈಮುಗಿಯೋದು ಸಾಕು ರೀ. ಕೊನೇ ಮೂರ್ನಾಲ್ಕು ಹಾಡು ನನಗೆ ಸಪ್ಪೆ ಅನಿಸಿದವು. ಇದೇ ತಂಡದ 1991ರ ಆಲ್ಬಮ್ ‘ದ ಲೋ ಎಂಡ್ ಥಿಯರಿ’ ಪಕ್ಕ ಇದನ್ನು ಇಡಲು ನನ್ನಿಂದ ಆಗಲ್ಲ. ಹೊಗಳಿಕೆಗೆ ಸಾವಿಗಿಂತ ಟೈಮಿಂಗ್ ದೊಡ್ಡ ಕಾರಣ. ಟ್ರಂಪ್ ಗೆದ್ದು ಮೂರೇ ದಿನಕ್ಕೆ ಆಲ್ಬಮ್ ಬಂತು. ‘ವಿ ದ ಪೀಪಲ್’ನಲ್ಲಿ ಕರಿಯರು, ಮುಸ್ಲಿಮರು, ಬಡವರು ಎಲ್ಲ ಹೊರಡಿ ಅಂತ ವ್ಯಂಗ್ಯದ ಪಲ್ಲವಿ ಇದೆಯಲ್ಲ, ರಿಸಲ್ಟ್ ನೋಡಿ ಬರೆದ ಹಾಗೆ ಕೇಳಿಸುತ್ತೆ. ಅದನ್ನು ಹಾಡಿಟ್ಟಿದ್ದು ಚುನಾವಣೆಗೂ ಮೊದಲೇ! ಇಷ್ಟಾದರೂ ಮರುವರ್ಷದ ಗ್ರ್ಯಾಮಿ ನಾಮಿನೇಶನ್ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಕ್ಯೂ-ಟಿಪ್ ಕ್ಯಾಮೆರಾ ಮುಂದೆ ಕೂತು ಹಿಗ್ಗಾಮುಗ್ಗಾ ಬೈದ.

ಗುಮ್ಮಟದ ದನಿ (ವಿಜಯಪುರ):
ಸಪ್ಪೆ ಅಂದವರು ‘ಬ್ಲ್ಯಾಕ್ ಸ್ಪಾಸ್ಮೋಡಿಕ್’ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಅಲ್ಲಿ ಸತ್ತ ಗೆಳೆಯನೇ ತನ್ನ ಜೊತೆ ಮಾತಾಡ್ತಾನೆ ಅನ್ನೋ ಹಾಗೆ ಕ್ಯೂ-ಟಿಪ್ ಹಾಡಿದ್ದಾನೆ. ಅಳುಬುರುಕ ಹಾಡಲ್ಲ ಅದು, ಸುಮ್ನೆ ಕೂತು ಅತ್ತರೆ ಆಗಲ್ಲ, ಕೆಲಸ ಮುಗಿಸು ಅನ್ನೋ ಧಾಟಿ.

ಕುಂದಾಪ್ರಿಯ (ಬೆಳಗಾವಿ):
ಅಯ್ಯೋ, ಆ ಹಾಡಿನ ಹೊತ್ತಿಗೆ ಪಕ್ಕದ ಅಜ್ಜಿ ಶೇಂಗಾ ಕೊಟ್ಟು ಮಾತಿಗೆ ಕೂತಿದ್ದರು, ಒಂದು ಕಿವಿಯಲ್ಲಿ ಮಾತ್ರ ಕೇಳಿದ್ದು. ನಾಳೆ ವಾಪಸ್ ಬಸ್ಸಿನಲ್ಲಿ ಎರಡನೇ ಅರ್ಧದಿಂದ ಶುರು ಮಾಡ್ತೀನಿ.