ಸಹಾಯ ಬೇಕು: ಕಯಾಕ್‌ನಲ್ಲಿ ಕೂತು ನದಿಯ ಫೋಟೋ ತೆಗೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಾಡಿನ ನಡುವೆ ಹರಿಯುವ ನದಿಯನ್ನು ಕಯಾಕ್‌ನಲ್ಲಿ ಕೂತೇ ಸೆರೆಹಿಡಿಯಬೇಕು ಅಂತ ತುಂಬಾ ಆಸೆ. ನೀರಿಗೆ ಅಷ್ಟು ಹತ್ತಿರದಿಂದ ಕಾಣುವ ನೋಟ ದಡದಲ್ಲಿ ನಿಂತರೆ ಸಿಗುವುದೇ ಇಲ್ಲ.

ತೊಂದರೆ ಇರುವುದು ಮುಂಜಾನೆಯ ಮಂದ ಬೆಳಕಿನಲ್ಲಿ. ದೋಣಿ ಅಲುಗಾಡುವುದರಿಂದ ಶಟರ್ ವೇಗವನ್ನು (ಕ್ಯಾಮೆರಾದೊಳಗೆ ಬೆಳಕು ಬೀಳುವ ಹೊತ್ತು) 1/500 ಸೆಕೆಂಡಿನ ಆಸುಪಾಸಿನಲ್ಲೇ ಇಡುತ್ತೇನೆ, ಹಾಗಾಗಿ ಬೆಳಕು ಸಾಲುವುದಿಲ್ಲ. ಟ್ರೈಪಾಡ್ ಇಟ್ಟರೆ ಅದೂ ದೋಣಿಯ ಜೊತೆಗೇ ಅಲುಗುತ್ತದೆ, ಅಲ್ವಾ? ನೀರಿನ ಹೊಳಪು ತಗ್ಗಿಸಲು ಲೆನ್ಸ್ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿದರೆ ಇನ್ನೂ 1-2 ಸ್ಟಾಪ್ ಬೆಳಕು ಹೋಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕಿಳಿದಂತೆ). ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿದರೆ ನೆರಳಿನ ಭಾಗದಲ್ಲಿ ನಾಯ್ಸ್, ಅಂದರೆ ಚುಕ್ಕೆಚುಕ್ಕೆಯ ಕಲೆ, ಜಾಸ್ತಿ. ಇಂಥ ಹೊತ್ತಿನಲ್ಲಿ ನೀವು ಪೋಲರೈಸರ್ ತೆಗೆದುಬಿಡುತ್ತೀರಾ?

ಇನ್ನೊಂದು ವಿಷಯ. ಹುಟ್ಟು ಬಿಟ್ಟು ಕ್ಯಾಮೆರಾ ಹಿಡಿದ ತಕ್ಷಣ ಹರಿವು ದೋಣಿಯನ್ನು ತಿರುಗಿಸಿಬಿಡುತ್ತದೆ. ಬಂಡೆಯ ಹಿಂದಿನ ನಿಧಾನ ನೀರಿನಲ್ಲಿ ನಿಲ್ಲಿಸಿಕೊಳ್ಳುವುದು ಒಳ್ಳೆಯದಾ? ಅನುಭವ ಇರುವವರು ದಯವಿಟ್ಟು ತಿಳಿಸಿ.