ಫೆಬ್ರವರಿ, ಮಾರ್ಚ್ ಕಾಣೆಯಾಗಿವೆ

ತಿಪಟೂರಿನ ನಮ್ಮ ಬೀದಿಯಲ್ಲಿ ಹಾಲಿನ ಬೂತಿನ ಮಗ್ಗುಲಿಗೆ ಒಂದು ಕಲ್ಲುಚಪ್ಪಡಿ ಇದೆ. ಚರಂಡಿ ಮುಚ್ಚಲೆಂದು ತಂದವರು ಚಪ್ಪಡಿಯನ್ನು ಇಳಿಸಿ ಚರಂಡಿಯನ್ನು ಮರೆತು ಹೋದರು. ಬೆಳಗಿನ ಆರೂವರೆಯಿಂದ ಎಂಟರವರೆಗೆ ಅದೇ ನಮ್ಮ ವಿಧಾನಸಭೆ. ಬೆಂಗಳೂರಿನಲ್ಲಿ ಯಾರು ಗೆದ್ದರೂ ಇಲ್ಲಿ ಆಡಳಿತ ಪಕ್ಷ ಇರುವುದಿಲ್ಲ, ಕುಳಿತವರೆಲ್ಲ ವಿರೋಧ ಪಕ್ಷ.

ಖಾಯಂ ಸದಸ್ಯರು ಐವರು. ಸರ್ಕಾರಿ ಶಾಲೆಯಿಂದ ನಿವೃತ್ತರಾದ ಮೇಷ್ಟ್ರು. ಖಜಾನೆ ಇಲಾಖೆಯಲ್ಲಿ ಮೂವತ್ತು ವರ್ಷ ಬಿಲ್ಲು ತಿರುಗಿಸಿದ್ದರಿಂದ ಸ್ವಂತ ಹೆಸರು ಕಳೆದುಕೊಂಡು 'ಖಜಾನೆ'ಯೇ ಆಗಿಹೋದವರು. ಬಸ್ಸಿನಿಂದ ಇಳಿದರೂ ನಿಲ್ಲುವಾಗ ಇಂದಿಗೂ ಕಂಬ ಹುಡುಕುವ ಕಂಡಕ್ಟರು. ಎರಡು ಸೀಮೆಹಸು ಮತ್ತು ಒಂದಿಷ್ಟು ತೆಂಗು ಇರುವ ಗೌಡರು. ಐದನೆಯವನು ನಾನು, ಜೆರಾಕ್ಸ್ ಅಂಗಡಿಯವನು. ಪೇಂಟರ್ ಒಬ್ಬ ಬರುತ್ತಾನೆ. ಅವನು ಬರುವುದು ಹಿಂದಿನ ರಾತ್ರಿಯ ಮೇಲೆ ನಿಂತಿದೆ.

2025ರ ಡಿಸೆಂಬರಿನ ಒಂದು ಬೆಳಿಗ್ಗೆ ಕಂಡಕ್ಟರು ಕಂಕುಳಲ್ಲಿ ಕ್ಯಾಲೆಂಡರ್ ಇಟ್ಟುಕೊಂಡು ಬಂದರು.

"ಇದನ್ನು ತಪ್ಪಾಗಿ ಮುದ್ರಿಸಿದ್ದಾರೆ. 2025ರಲ್ಲಿ ಜನವರಿ ಆದ ಮೇಲೆ ಏಪ್ರಿಲ್ ಬರಬೇಕಿತ್ತು."

ಚಳಿಗೆ ತಲೆ ಕೆಟ್ಟಿತೆಂದು ನಾವು ಅಂದುಕೊಳ್ಳುವಷ್ಟರಲ್ಲಿ ಮೇಷ್ಟ್ರು ಪತ್ರಿಕೆ ಮಡಚಿದರು. ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಒಂದಾದ, ಮನೆಯೊಡತಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿಯ ಹಣವನ್ನು ಆಗಸ್ಟ್‌ವರೆಗೆ ಕೊಟ್ಟಾಗಿದೆ ಎಂದಿದ್ದ ಸಚಿವೆ ಲಕ್ಷ್ಮೀ ಹೆಬ್ಬಾಳ್ಕರ್, ಫೆಬ್ರವರಿ ಮತ್ತು ಮಾರ್ಚ್ ಕಂತುಗಳು ಹೋಗಿಯೇ ಇಲ್ಲವೆಂದು ವಿರೋಧ ಪಕ್ಷದವರು ಹಿಡಿದ ಮೇಲೆ ಬೆಳಗಾವಿ ಅಧಿವೇಶನದಲ್ಲಿ ವಿಷಾದ ಹೇಳಬೇಕಾಗಿ ಬಂದಿತ್ತು.

"ಒಂದು ತಿಂಗಳು ಕಳೆದರೆ ಕೈತಪ್ಪು ಎನ್ನಬಹುದು," ಎಂದರು ಮೇಷ್ಟ್ರು. "ಒಂದರ ಪಕ್ಕದಲ್ಲೇ ಇರುವ ಇನ್ನೊಂದೂ ಕಳೆಯಿತೆಂದರೆ ಜೇಬೇ ಹರಿದಿದೆ."

"ನನ್ನ ಹೆಂಡತಿ ಶಿವರಾತ್ರಿಗೂ ಯುಗಾದಿಗೂ ನನ್ನನ್ನೇ ಬೈದಳು, ನೀವೇ ತೆಗೆದುಕೊಂಡಿದ್ದೀರಿ ಎಂದು," ಎಂದರು ಕಂಡಕ್ಟರು. "ಹತ್ತು ತಿಂಗಳು ನಾನು ಮನೆಯಲ್ಲಿ ಕಳ್ಳನಾಗಿದ್ದೆ. ಸಚಿವರು ಸದನದಲ್ಲಿ ವಿಷಾದ ಹೇಳಿದರು. ನನಗೆ ಯಾರು ಹೇಳುತ್ತಾರೆ?"

ಅಷ್ಟರಲ್ಲಿ ಗೌಡರು ಒಂದು ಪೊಟ್ಟಣ ಹಾಲು ಕೊಂಡರು. ಎರಡು ಹಸು ಕಟ್ಟಿದವರು ಬೂತಿನಲ್ಲಿ ಹಾಲು ಕೊಳ್ಳುವುದೇಕೆ ಎಂದು ಕೇಳಬಾರದು. ತಮ್ಮ ಹಾಲನ್ನೆಲ್ಲ ಡೈರಿಗೆ ಹಾಕಿ, ಹೆಂಡತಿಗೆ ತಿಳಿಯದಂತೆ ಕಾಫಿಗೆ ಇಲ್ಲಿ ಕೊಳ್ಳುತ್ತಾರೆ. ಪೊಟ್ಟಣ ಕಂಡ ಕೂಡಲೇ ಮೇಷ್ಟ್ರಿಗೆ ಹಳೆಯ ಗಾಯ ಕೆರಳಿತು.

"2024ರ ಜೂನ್‌ನಲ್ಲಿ ಲೀಟರ್ ಪೊಟ್ಟಣಕ್ಕೆ 50 ಮಿಲಿ ಹೆಚ್ಚಿಗೆ ಹಾಕಿದರು, 42 ಇದ್ದದ್ದು 44 ಆಯಿತು. ಬೆಲೆ ಏರಿಲ್ಲ, ಹಾಲು ಏರಿದೆ ಎಂದರು. ನಾನೇನು ಅರ್ಜಿ ಹಾಕಿದ್ದೆನೇ 50 ಮಿಲಿ ಕೊಡಿ ಎಂದು? ಹೋಗಲಿ, ಬೀಗರು ಬಂದಾಗ ಆಗುತ್ತದೆ ಎಂದು ಸುಮ್ಮನಾದೆ. 2025ರ ಏಪ್ರಿಲ್‌ನಲ್ಲಿ ಆ 50 ಮಿಲಿ ಹೊರಟು ಹೋಯಿತು. ಬರುವಾಗ ತಂದಿದ್ದ ಎರಡು ರೂಪಾಯಿಯನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋಯಿತು. ಅದು ಸಾಲದೆಂದು ಇನ್ನೆರಡು ರೂಪಾಯಿಯನ್ನು ಅದಕ್ಕೆ ಜೊತೆಗೆ ಇಟ್ಟರು. ಈಗ ಒಂದೇ ಲೀಟರು, 46."

"ಅದು ನಮಗೆ ಬಂತು ಮೇಷ್ಟ್ರೇ," ಗೌಡರು ಗಂಟಲು ಸರಿ ಮಾಡಿಕೊಂಡರು. "ಬೂಸಾ, ಹಿಂಡಿಯ ಬೆಲೆ ನಿಮಗೆ ಗೊತ್ತಿಲ್ಲ. ಹಸುವಿಗೆ ಗ್ಯಾರಂಟಿ ಕೊಡುವವರು ಯಾರೂ ಇಲ್ಲ."

ಎರಡು ನಿಮಿಷ ಯಾರೂ ಮಾತನಾಡಲಿಲ್ಲ. ಚಪ್ಪಡಿಯ ಮೇಲೆ ಇದೊಂದು ತೊಂದರೆ. ಯಾವ ಬೆಲೆಯನ್ನು ಬೈದರೂ ಆ ಬೆಲೆ ಪಡೆಯುವವನು ಪಕ್ಕದಲ್ಲೇ ಕುಳಿತಿರುತ್ತಾನೆ.

ಮೇಷ್ಟ್ರಿಗೆ ನಿಜವಾದ ನೋವು ವಿದ್ಯುತ್ತಿನದು. ಗೃಹಜ್ಯೋತಿ ಎಂದರೆ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಊರೆಲ್ಲ ತಿಳಿದಿತ್ತು. ಆಮೇಲೆ ನಿಯಮ ಬಂತು: 2022-23ರಲ್ಲಿ ನೀವು ಉರಿಸಿದ ಸರಾಸರಿ, ಅದರ ಮೇಲೆ ಶೇಕಡಾ 10, ಅಷ್ಟೇ ನಿಮ್ಮ ಪಾಲು. 200 ಎಂಬುದು ಗಡಿ, ದಾಟಿದರೆ ಪೂರ್ತಿ ಬಿಲ್ಲು. ಮೇಷ್ಟ್ರು ಜೀವಮಾನವೆಲ್ಲ ಒಂದು ಕೋಣೆಯ ದೀಪ ಆರಿಸಿ ಇನ್ನೊಂದು ಕೋಣೆಗೆ ಕಾಲಿಟ್ಟವರು. ಅವರ ಸರಾಸರಿ 60, ಪಾಲು 66. ಎದುರು ಮನೆಯವನು ಗೀಸರ್ ಹಚ್ಚಿಟ್ಟು ಪೇಟೆಗೆ ಹೋಗಿ ಬರುವವನು. ಅವನಿಗೆ 190ರವರೆಗೂ ಸೊನ್ನೆ ಬಿಲ್ಲು.

"ಮಿತವ್ಯಯದ ಪಾಠ ಮಾಡಿ ಮೂವತ್ತಾರು ವರ್ಷ ಸಂಬಳ ತಿಂದೆ," ಎಂದರು ಮೇಷ್ಟ್ರು. "ಈಗ ಆ ಮಕ್ಕಳ ಮುಖ ನೋಡುವುದು ಹೇಗೆ?"

ಪೇಂಟರ್ ಬಂದ. ಕಣ್ಣು ಕೆಂಪಗಿದ್ದವು, ಮಾತು ಸ್ಪಷ್ಟವಾಗಿತ್ತು. "ಸಾರ್, ನಿಮ್ಮಲ್ಲಿ ಯಾರೂ ಗೃಹಲಕ್ಷ್ಮಿಯ ವಿಷಯ ಮಾತನಾಡುವ ಹಾಗಿಲ್ಲ. ಆ ಯೋಜನೆ ನಡೆಸುತ್ತಿರುವುದು ನಾವು. ಖಜಾನೆ ಸಾರ್ ಅವರನ್ನು ಕೇಳಿ."

ಖಜಾನೆ ಇಂಥ ಹೊತ್ತಿಗಾಗಿಯೇ ಬದುಕಿರುವವರು. ಬಜೆಟ್ ಪುಸ್ತಕದ ಅಂಕಿಗಳನ್ನು ಸಹಸ್ರನಾಮದಂತೆ ಬಾಯಿಪಾಠ ಮಾಡಿದ್ದಾರೆ. ಸಿದ್ದರಾಮಯ್ಯನವರು 2025ರ ಮಾರ್ಚ್ 7ರಂದು ಮಂಡಿಸಿದ್ದು ಅವರ 16ನೇ ಬಜೆಟ್. ಅದರಲ್ಲಿ ಗೃಹಲಕ್ಷ್ಮಿಗೆ 28,608 ಕೋಟಿ. ಅದೇ ವರ್ಷ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ.

"ಕಳೆದರೆ?" ಎಂದ ಪೇಂಟರ್.

"11,392 ಕೋಟಿ ಉಳಿಯುತ್ತದೆ."

"ನೋಡಿ. ರಾಜ್ಯದ ಅಷ್ಟೂ ಹೆಂಗಸರಿಗೆ ಎರಡೆರಡು ಸಾವಿರ ಕೊಟ್ಟ ಮೇಲೂ ಕುಡುಕರು ಸರ್ಕಾರಕ್ಕೆ ಚಿಲ್ಲರೆ ಬಿಟ್ಟು ಬರುತ್ತೇವೆ. ನಮ್ಮ ತುರುವೇಕೆರೆ ಶಾಸಕರು ಕೃಷ್ಣಪ್ಪನವರು ಸದನದಲ್ಲಿ ಕೇಳಿದ್ದರಲ್ಲಿ ತಪ್ಪೇನಿತ್ತು?"

ತುರುವೇಕೆರೆ ನಮಗೆ ಪಕ್ಕದ ತಾಲ್ಲೂಕು. ಅಲ್ಲಿನ ಶಾಸಕ ಎಂ.ಟಿ. ಕೃಷ್ಣಪ್ಪ 2025ರ ಮಾರ್ಚ್‌ನಲ್ಲಿ, ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಉಚಿತವಾಗಿ ಕೊಡಿ ಎಂದು ವಿಧಾನಸಭೆಯಲ್ಲೇ ಕೇಳಿದ್ದರು. ನೀವೇ ಸರ್ಕಾರ ಮಾಡಿ ಕೊಡಿ ಎಂದು ಸಚಿವ ಕೆ.ಜೆ. ಜಾರ್ಜ್ ಉತ್ತರಿಸಿದ್ದರು. ಆ ದಿನ ಪೇಂಟರ್ ತನ್ನ ಮತವನ್ನು ತುರುವೇಕೆರೆಗೆ ವರ್ಗಾಯಿಸಲು ಏನೇನು ದಾಖಲೆ ಬೇಕೆಂದು ನನ್ನ ಅಂಗಡಿಯಲ್ಲಿ ವಿಚಾರಿಸಿದ್ದ.

"ಬಿಟ್ಟಿ ಕೊಟ್ಟು ಕೊಟ್ಟು ರಾಜ್ಯ ಮುಳುಗುತ್ತಿದೆ," ಎಂದು ಮೇಷ್ಟ್ರು ಸಭೆಯನ್ನು ಮೂಲ ವಿಷಯಕ್ಕೆ ತಂದರು.

ಖಜಾನೆ ಮಫ್ಲರ್ ಬಿಗಿ ಮಾಡಿಕೊಂಡರು. "ಆಣೆ ಲೆಕ್ಕದಲ್ಲಿ ಹೇಳುತ್ತೇನೆ, ಕೇಳಿ. ಬಜೆಟ್ಟಿನ ಗಾತ್ರ 4,09,549 ಕೋಟಿ. ಐದು ಗ್ಯಾರಂಟಿಗೂ ಸೇರಿ 51,034 ಕೋಟಿ. ರೂಪಾಯಿಗೆ ಎರಡಾಣೆ. ನೀವು ಎರಡೂವರೆ ವರ್ಷದಿಂದ ಬೈಯುತ್ತಿರುವುದು ಆ ಎರಡಾಣೆಯನ್ನು. ಉಳಿದ ಹದಿನಾಲ್ಕಾಣೆ ಎಲ್ಲಿಗೆ ಹೋಯಿತೆಂದು ಈ ಚಪ್ಪಡಿಯ ಮೇಲೆ ಒಬ್ಬರೂ ಕೇಳಿಲ್ಲ."

"ಎಲ್ಲಿಗೆ ಹೋಯಿತು?"

"ಬಂದದ್ದು ಎಲ್ಲಿಂದ ಎಂದು ಮೊದಲು ಕೇಳಿ. ಹೆಚ್ಚುಕಡಿಮೆ ನಾಲ್ಕೂವರೆ ಆಣೆ ಸಾಲ. 1,16,000 ಕೋಟಿ. ರಾಜಸ್ವ ಕೊರತೆ 19,262 ಕೋಟಿ, ಅಂದರೆ ಸಾಲ ಮಾಡಿದ್ದರಲ್ಲಿ ಒಂದು ಭಾಗ ರಸ್ತೆಗೂ ಅಲ್ಲ, ಕೆರೆಗೂ ಅಲ್ಲ, ತಿಂಗಳ ಖರ್ಚಿಗೆ. ಒಟ್ಟು ಹೊಣೆ ರಾಜ್ಯದ ಉತ್ಪನ್ನದ ಶೇಕಡಾ 25 ದಾಟಬಾರದು ಎಂದು ಕಾನೂನು. ಇವರು ತೋರಿಸಿರುವುದು 24.91."

ಮೇಷ್ಟ್ರು ಕನ್ನಡಕ ತೆಗೆದರು. "ಕಾಪಿ ಹೊಡೆದ ಹುಡುಗನೂ ಇಷ್ಟು ಕರಾರುವಾಕ್ಕಾಗಿ ಪಾಸಾಗುವುದಿಲ್ಲ."

"ನಿಮಗೆ ಇನ್ನೊಂದು ಹೇಳಲೇ? ಏಳನೇ ವೇತನ ಆಯೋಗ ಜಾರಿಯಾಯಿತಲ್ಲ, 2024ರ ಆಗಸ್ಟ್ 1ರಿಂದ. ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಖರ್ಚು. ಹೆಂಗಸರ ಬಸ್ಸಿಗೆ ಎಷ್ಟು ಗೊತ್ತೇ? 5,300 ಕೋಟಿ."

"ಅದು ಬೇರೆ," ಎಂದರು ಮೇಷ್ಟ್ರು ತಕ್ಷಣ. "ಪಿಂಚಣಿ ನಮ್ಮ ಹಕ್ಕು."

"ಹೌದು. ನಾನೂ ತೆಗೆದುಕೊಳ್ಳುತ್ತೇನೆ. ನಮ್ಮದು ಹಕ್ಕು, ನಮ್ಮ ಹೆಂಡಂದಿರದು ಬಿಟ್ಟಿ."

ನಾನು ಆ ಹೊತ್ತಿನಲ್ಲಿ ಬೂತಿನ ಫಲಕವನ್ನು ಓದುತ್ತಿದ್ದೆ. ಏಕೆಂದರೆ ಐದು ಗ್ಯಾರಂಟಿಗೂ ಅರ್ಜಿ, ಆಧಾರ್, ಪಡಿತರ ಚೀಟಿ, ಪಾಸ್‌ಪುಸ್ತಕ ಎಂದು ಪ್ರತಿ ಬಗೆಯಲ್ಲೂ ಎರಡೆರಡು ಪ್ರತಿ ತೆಗೆದುಕೊಟ್ಟವನು ನಾನು. 2023ರಲ್ಲಿ ನನ್ನ ಯಂತ್ರ ಎರಡು ಸಲ ಬಿಸಿಯಾಗಿ ನಿಂತಿತು. ಆರನೆಯ ಗ್ಯಾರಂಟಿಯ ಏಕೈಕ ಫಲಾನುಭವಿಯ ವಿಷಯ ಯಾರೂ ಎತ್ತದಿರಲಿ ಎಂದು ಮನಸ್ಸಿನಲ್ಲೇ ಕೆಂಪಮ್ಮನಿಗೆ ಹರಕೆ ಹೊತ್ತೆ.

ಕಂಡಕ್ಟರಿಗೆ ಬಸ್ಸಿನ ಮಾತು ಬಂದದ್ದೇ ಸಾಕಾಯಿತು. "ಐದೂವರೆ ಸಾವಿರವೋ, ಆರು ಸಾವಿರವೋ, ನನಗೆ ಲೆಕ್ಕ ಬೇಡ. ಸಾರಿಗೆ ನೌಕರರ 38 ತಿಂಗಳ ಹಿಂಬಾಕಿಗೆ ಆಗಸ್ಟ್‌ನಲ್ಲಿ ಮುಷ್ಕರವೇ ಆಯಿತು. ಇತ್ತ ಜನವರಿಯಲ್ಲಿ ಟಿಕೆಟ್ ದರ ಶೇಕಡಾ 15 ಏರಿತು. ಏರಿದ ದರವನ್ನು ಕೊಡುವವರು ಯಾರು? ಗಂಡಸರು. ಅರ್ಧ ಸೀಟು ಗಂಡಸರಿಗೆ ಮೀಸಲು ಎಂದು ಆದೇಶವಿದೆ. ನಮ್ಮೂರಿನಿಂದ ಅರಸೀಕೆರೆಗೆ ಹೋಗುವ ಬಸ್ಸಿನಲ್ಲಿ ಆ ಆದೇಶವನ್ನು ಓದಿ ಹೇಳುವ ಧೈರ್ಯ ಯಾರಿಗಿದೆ? ದುಡ್ಡು ಕೊಟ್ಟ ನಾನು ನಿಂತಿರುತ್ತೇನೆ, ಸೊನ್ನೆ ಟಿಕೆಟ್ಟಿನವರು ಕಿಟಕಿಯ ಪಕ್ಕ ಕುಳಿತು ಕಡಲೆಕಾಯಿ ತಿನ್ನುತ್ತಾರೆ."

"ಯಾರು ತಿನ್ನುತ್ತಾರೆ?" ಎಂದರು ಗೌಡರು. ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು.

"ಯಾರೋ."

"ಸರಿಯಾಗಿ ಹೇಳು ಕಣಯ್ಯ."

ಕಂಡಕ್ಟರು ಕ್ಯಾಲೆಂಡರ್ ಸುತ್ತಿದರು, ಬಿಚ್ಚಿದರು. "ನನ್ನ ಹೆಂಡತಿಯೇ. ಮದುವೆಯಾಗಿ ಮೂವತ್ತೆಂಟು ವರ್ಷ. ತವರಿಗೆ ಹೋಗಬೇಕಾದರೆ ಮೂರು ದಿನ ಮೊದಲೇ ಅವಳು ಒಳ್ಳೆಯ ಸಾರು ಮಾಡಲು ಶುರು ಮಾಡುತ್ತಿದ್ದಳು. ನನಗೆ ತಿಳಿಯುತ್ತಿತ್ತು, ಬಸ್ ಚಾರ್ಜಿಗೆ ಪೀಠಿಕೆ ಎಂದು. ಹಾಗೆ ನೋಡಿದರೆ ನಮ್ಮ ಮನೆಯವರಿಗೆ ಪಾಸ್ ಸಿಗುತ್ತಿತ್ತು, ಆದರೂ ದಾರಿ ಖರ್ಚಿಗೆ ನನ್ನನ್ನೇ ಕೇಳಬೇಕಿತ್ತಲ್ಲ. 2023ರ ಜೂನ್ 11ಕ್ಕೆ ಬಸ್ಸು ಉಚಿತವಾಯಿತು. ಆಗಸ್ಟ್‌ನಿಂದ ಎರಡು ಸಾವಿರ ಬಂತು. ಅಂದಿನಿಂದ ಧರ್ಮಸ್ಥಳಕ್ಕೆ ಹೋಗಿ ಬಂದ ಮೇಲೆ ನನಗೆ ಪ್ರಸಾದದ ಮೂಲಕ ತಿಳಿಯುತ್ತದೆ."

"ಸಾರು?" ಎಂದು ಕೇಳಿದೆ.

"ಸಾರು ಇದೆ. ಪೀಠಿಕೆ ಇಲ್ಲ."

ಖಜಾನೆ ನಿಧಾನವಾಗಿ ತಲೆದೂಗಿದರು. "ಮುಖ್ಯಮಂತ್ರಿಗಳು ಹಣಕಾಸು ಖಾತೆಯನ್ನು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ನಿಮ್ಮಿಂದ ಕಿತ್ತುಕೊಂಡಿದ್ದಾರೆ. ಈಗ ನೀವು ಖಾತೆಯಿಲ್ಲದ ಸಚಿವರು."

ಪೇಂಟರ್ ಜೋರಾಗಿ ನಕ್ಕ. ಅವನು ಖಾತೆ ಕಳೆದುಕೊಂಡು ಬಹಳ ವರ್ಷವಾಗಿತ್ತು.

ಆಗಲೇ ಯಾರದೋ ಮೊಬೈಲ್ 'ಟಿಣ್' ಎಂದಿತು.

ಐದು ಕೈಗಳು ಐದು ಜೇಬುಗಳಿಗೆ ಇಳಿದವು. ಪೇಂಟರನದೂ ಇಳಿಯಿತು, ಅವನ ಬಳಿ ಮೊಬೈಲ್ ಇಲ್ಲದಿದ್ದರೂ. ನಮ್ಮ ಬೀದಿಯ ಗೃಹಲಕ್ಷ್ಮಿಯರ ಬ್ಯಾಂಕ್ ಖಾತೆಗಳಿಗೆ ಜೋಡಿಸಿರುವುದು ಗಂಡಂದಿರ ನಂಬರು. ಆ ಅರ್ಜಿಗಳನ್ನು ತುಂಬಿದವನು ನಾನೇ ಆದ್ದರಿಂದ ಖಚಿತವಾಗಿ ಹೇಳಬಲ್ಲೆ. ಮೇಷ್ಟ್ರಿಗೆ ಬಂದದ್ದು ಸಾಲ ಬೇಕೇ ಎಂಬ ಸಂದೇಶ. ಅವರು ಅದನ್ನು ಸರ್ಕಾರಕ್ಕೆ ಕಳುಹಿಸಬಹುದಿತ್ತು ಎಂದರು ಗೌಡರು.

ಇನ್ನೊಮ್ಮೆ ಟಿಣ್. ಈ ಸಲ ಕಂಡಕ್ಟರು ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಮೇಷ್ಟ್ರ ಕನ್ನಡಕ ಇಸಿದುಕೊಂಡು ಓದಿದರು. ಎರಡು ಸಾವಿರ ಜಮೆಯಾಗಿತ್ತು.

"ಯಾವ ತಿಂಗಳದು?" ಎಲ್ಲರೂ ಒಟ್ಟಿಗೆ ಕೇಳಿದೆವು.

"ಬರೆದಿಲ್ಲ."

"ಫೆಬ್ರವರಿಯದೇ ಇರಬೇಕು," ಎಂದರು ಮೇಷ್ಟ್ರು.

"ಸೆಪ್ಟೆಂಬರ್‌ದು," ಎಂದರು ಗೌಡರು.

"ಹಣದ ಮೇಲೆ ತಿಂಗಳ ಹೆಸರು ಇರುವುದಿಲ್ಲ," ಎಂದರು ಖಜಾನೆ, ಮೂವತ್ತು ವರ್ಷದ ಅನುಭವದಿಂದ.

ಕಂಡಕ್ಟರು ಅತ್ತಿತ್ತ ನೋಡಿದರು. ಕಣ್ಣಲ್ಲಿ ಹಳೆಯ ಹಣಕಾಸು ಸಚಿವ ಒಂದು ಕ್ಷಣ ಎದ್ದು ಕುಳಿತ. "ಈ ಸಂದೇಶವನ್ನು ಅಳಿಸುವುದು ಹೇಗೆ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ನಾನು ತೋರಿಸುವಷ್ಟರಲ್ಲಿ ಅದೇ ಮೊಬೈಲ್ ಹಾಡತೊಡಗಿತು. ಹೆಂಡತಿ. ಧ್ವನಿ ಚಪ್ಪಡಿಗೆಲ್ಲ ಕೇಳಿಸುತ್ತಿತ್ತು.

"ಎದುರು ಮನೆಯವರಿಗೆ ದುಡ್ಡು ಬಂದಿದೆಯಂತೆ. ನಮಗೆ?"

ಕಂಡಕ್ಟರು ನಮ್ಮ ಮುಖಗಳನ್ನು ನೋಡಿದರು. ಬಜೆಟ್ ಮಂಡಿಸುವವರಂತೆ ಒಮ್ಮೆ ಕೆಮ್ಮಿದರು.

"ಈಗ ತಾನೇ ಬಂತು. ಹೇಳಲೆಂದೇ ಮೊಬೈಲ್ ತೆಗೆದಿದ್ದೆ."

"ಹಾಗಾದರೆ ಅರ್ಧ ಲೀಟರ್ ಹಾಲು ಹೆಚ್ಚಿಗೆ ತನ್ನಿ. ನಾನೇ ಕೊಡುತ್ತೇನೆ."