ಸಹಾಯ ಬೇಕು: ಜಿಪಿಎಲ್ 2 ಕೋಡಿಗೆ ಅಪಾಚೆ 2.0 ಲೈಬ್ರರಿ ಸೇರಿಸಿ ಹಂಚಬಹುದೇ?

ಎಲ್ಲರಿಗೂ ನಮಸ್ಕಾರ. ಕನ್ನಡ ಸ್ಪೆಲ್ ಚೆಕರ್ ಒಂದರ ಬಿಡುಗಡೆ ಲೈಸೆನ್ಸ್ ವಿಷಯದಲ್ಲಿ ನಿಂತಿದೆ. ಪದ ಬಿಡಿಸುವ ಹಳೆಯ ಸಿ ಕೋಡ್ ಜಿಪಿಎಲ್ (ಬದಲಿಸಿ ಹಂಚಿದರೂ ಅದೇ ಲೈಸೆನ್ಸ್ ಇರಬೇಕೆನ್ನುವ ಮುಕ್ತ ಲೈಸೆನ್ಸ್) ಅಡಿಯಲ್ಲಿದೆ, ಅದಕ್ಕೆ ಲಿಂಕ್ ಆಗುವ ಲೈಬ್ರರಿ ಅಪಾಚೆ 2.0 ಎಂಬ ಇನ್ನೊಂದು ಮುಕ್ತ ಲೈಸೆನ್ಸಿನಲ್ಲಿದೆ. ಅಪಾಚೆಯ ಪೇಟೆಂಟ್ ಷರತ್ತು (ಪೇಟೆಂಟ್ ದಾವೆ ಹೂಡಿದವರಿಗೆ ಸಿಕ್ಕ ಪೇಟೆಂಟ್ ಅನುಮತಿ ರದ್ದು ಎನ್ನುವುದು) ಜಿಪಿಎಲ್ 2ರಲ್ಲಿ ಇಲ್ಲ. ಹೆಚ್ಚುವರಿ ನಿರ್ಬಂಧ ಹೇರಬಾರದು ಎನ್ನುವ ಅದರ 6ನೇ ಕಲಮಿಗೆ ಇದು ಅಡ್ಡ ಬರುತ್ತದೆ. ಸ್ವಂತ ಬಳಕೆಗೆ ತೊಂದರೆಯಿಲ್ಲ, ಬೈನರಿ (ಕಂಪೈಲ್ ಆದ ಪ್ರೋಗ್ರಾಂ) ಹಂಚಿದಾಗಲೇ ತಕರಾರು. 2007ರ ಜಿಪಿಎಲ್ 3 ಜೊತೆ ಅಪಾಚೆ 2.0 ಹೊಂದುತ್ತದೆ.

ಹೆಚ್ಚಿನ ಫೈಲುಗಳ ತಲೆಯಲ್ಲಿ 'ಆವೃತ್ತಿ 2 ಅಥವಾ ನಂತರದ್ದು' ಎಂದಿದೆ, ಅವನ್ನು 3ರ ಅಡಿ ಒಯ್ಯಬಹುದು. ತೊಡಕಿರುವುದು ಸಂಧಿ ಬಿಡಿಸುವ ಮೂರು ಫೈಲುಗಳಲ್ಲಿ. ಅವುಗಳಲ್ಲಿ ಲೈಸೆನ್ಸ್ ಹೇಳುವ ಹೆಡರ್ ಇಲ್ಲವೇ ಇಲ್ಲ. ಫೋಲ್ಡರಿನಲ್ಲಿ ಜಿಪಿಎಲ್ 2ರ ಪೂರ್ತಿ ಪಠ್ಯವಿರುವ ಕಾಪಿಯಿಂಗ್ ಫೈಲ್ ಮಾತ್ರ ಇದೆ. ಆವೃತ್ತಿ ಹೇಳದಿದ್ದರೆ ಯಾವುದನ್ನಾದರೂ ಆರಿಸಿಕೊಳ್ಳಬಹುದು ಎನ್ನುತ್ತದೆ 9ನೇ ಕಲಮು. ಬರೀ ಕಾಪಿಯಿಂಗ್ ಫೈಲ್ ಇಟ್ಟರೆ ಆವೃತ್ತಿ ಹೇಳಿದಂತಾಯಿತೇ? ಗಿಟ್ ಬ್ಲೇಮ್ (ಯಾವ ಸಾಲನ್ನು ಯಾರು ಬರೆದರೆಂದು ಹೇಳುವ ಕಮಾಂಡ್) ತೋರಿಸುವ ಲೇಖಕರಲ್ಲಿ ಒಬ್ಬರ ಇಮೇಲ್ ಬೌನ್ಸ್ ಆಗುತ್ತಿದೆ. ಉಳಿದವರು ಒಪ್ಪಿದರೂ ಆ ಒಬ್ಬರು ಬರೆದ ಸಾಲುಗಳಿಗೆ ಅವರದೇ ಅನುಮತಿ ಬೇಕು.

ಲಿಂಕ್ ತಪ್ಪಿಸಲು ಆ ಮೂರನ್ನು ಪ್ರತ್ಯೇಕ ಪ್ರೋಗ್ರಾಂ ಮಾಡಿ ಪೈಪ್ ಮೂಲಕ ಪದ ಕಳಿಸುವ ದಾರಿಯೂ ಇದೆ. ಆದರೆ ಪ್ರತಿ ಪದಕ್ಕೂ ಹೊಸ ಪ್ರೊಸೆಸ್ ಎಬ್ಬಿಸಿದರೆ ಟೈಪಿಂಗ್ ಎಳೆಯುತ್ತದೆ, ಒಂದನ್ನೇ ಜೀವಂತ ಇಡಬೇಕು. ಹಳೆಯ ಕೋಡ್ ನೋಡದವರು ವ್ಯಾಕರಣದ ನಿಯಮಗಳಿಂದಲೇ ಹೊಸದಾಗಿ ಬರೆಯುವುದು ಇನ್ನೂ ಗಟ್ಟಿ ದಾರಿ ಅನ್ನಿಸುತ್ತದೆ.

ಡೆಬಿಯನ್ ಲಿನಕ್ಸ್‌ಗೆ ಪ್ಯಾಕೇಜ್ ಮಾಡಿದವರು ಯಾರಾದರೂ ಇದ್ದರೆ, ಹೆಡರ್ ಇಲ್ಲದ ಫೈಲುಗಳನ್ನು ಕಾಪಿರೈಟ್ ಫೈಲಿನಲ್ಲಿ ಹೇಗೆ ನಮೂದಿಸಿದಿರಿ ತಿಳಿಸಿ. ಲೇಖಕರಿಂದ ಮರುಪರವಾನಗಿಗೆ ಒಪ್ಪಿಗೆ ಪಡೆದ ಪತ್ರದ ಮಾದರಿಯಿದ್ದರೆ ದಯವಿಟ್ಟು ಹಾಕಿ. ಸಂಧಿಯ ಭಾಗ ಹೊಸದಾಗಿ ಬರೆಯಲು ಸಿ ಬಲ್ಲವರೊಬ್ಬರು ಕೈಜೋಡಿಸಿದರೆ ತುಂಬಾ ಉಪಕಾರ.